ಬೆಂಗಳೂರು–ಹುಬ್ಬಳ್ಳಿ ರಾತ್ರಿ ಸ್ಲೀಪರ್: ಕಂಬಳಿ ಚೆನ್ನಾಗಿದೆ, ಡ್ರೈವರಿಗೆ ನಿದ್ದೆ ಇಲ್ಲ

ಬಸ್ ಬುಕ್ ಮಾಡುವ ಯಾವುದಾದರೂ ಆ್ಯಪ್ ತೆಗೆದು ಬೆಂಗಳೂರು–ಹುಬ್ಬಳ್ಳಿ ರೂಟಿನ ರಿವ್ಯೂಗಳನ್ನು ಓದಿ ನೋಡಿ. ಎಸಿ ಸರಿ ಇತ್ತು, ಕಂಬಳಿ ವಾಸನೆ ಬರ್ತಿತ್ತು, ಚಾರ್ಜಿಂಗ್ ಪಾಯಿಂಟ್ ಕೆಲಸ ಮಾಡಲಿಲ್ಲ, ನಿಲ್ಲಿಸಿದ ಹೋಟೆಲಿನ ಟಾಯ್ಲೆಟ್ ಗಲೀಜು. ಎಲ್ಲ ನಿಜವೇ ಇರಬಹುದು. ಆದರೆ ಸ್ಟೀರಿಂಗ್ ಹಿಡಿದವರು ಎಷ್ಟು ಹೊತ್ತು ಮಲಗಿ ಎದ್ದು ಬಂದಿದ್ದರು, ಎಷ್ಟು ಸ್ಪೀಡಿನಲ್ಲಿ ಓಡಿಸಿದರು, ಕೈಯಲ್ಲಿ ಫೋನ್ ಇತ್ತಾ ಇರಲಿಲ್ಲವಾ ಅಂತ ಬರೆದವರು ಬಹಳ ಕಡಿಮೆ. ನಾವು ಪರದೆ ಎಳೆದು ಮಲಗಿರುತ್ತೇವೆ, ಗೊತ್ತಾಗುವುದಿಲ್ಲ. ಬೆಳಿಗ್ಗೆ ಕ್ಲೀನರ್ ಬಂದು ಕಾಲು ತಟ್ಟಿ ಎಬ್ಬಿಸಿದರೆ ಇಳಿದು, ಐದು ಸ್ಟಾರ್ ಒತ್ತಿ, ಮನೆಗೆ ಹೋಗುತ್ತೇವೆ.

ನಾನು ಈ ರೂಟಿನಲ್ಲಿ ಕೆಲವು ವರ್ಷಗಳಿಂದ ಓಡಾಡುತ್ತಿದ್ದೇನೆ. ಕೆಲಸ ಬೆಂಗಳೂರಿನಲ್ಲಿ, ಮನೆ ಹುಬ್ಬಳ್ಳಿಯಲ್ಲಿ. ಇತ್ತೀಚೆಗೆ ಹೋಗುವಾಗ ಒಂದು ಖಾಸಗಿ ಎಸಿ ಸ್ಲೀಪರಿನಲ್ಲಿ ಹೋದೆ, ಬರುವಾಗ ಸರ್ಕಾರಿ ನಾನ್ ಎಸಿ ಸ್ಲೀಪರಿನಲ್ಲಿ ಬಂದೆ. ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ಖಾಸಗಿ ಕಂಪನಿಯ ಹೆಸರು ಹಾಕುವುದಿಲ್ಲ. ಇದು ಒಂದು ಕಂಪನಿ ಬಿಟ್ಟು ಇನ್ನೊಂದು ಹಿಡಿದರೆ ಮುಗಿಯುವ ವಿಷಯ ಅಲ್ಲ. ಈ ರಸ್ತೆಯಲ್ಲಿ ಓಡುವ ಎಷ್ಟೋ ಬಸ್ಸುಗಳಲ್ಲಿ ಇದೇ ಪದ್ಧತಿ ನಡೆದಿದೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಬಸ್ಸು ಹೊಸದು. ಒಂದು ಕಡೆ ಸಿಂಗಲ್, ಇನ್ನೊಂದು ಕಡೆ ಡಬಲ್ ಬರ್ತ್. ಹಾಸಿಗೆ ಮೆತ್ತಗಿತ್ತು. ಕಂಬಳಿ ತೊಳೆದು ಕವರಿನಲ್ಲಿ ಹಾಕಿ ಕೊಟ್ಟಿದ್ದರು, ತಲೆದಿಂಬಿನ ಕವರೂ ಸ್ವಚ್ಛ ಇತ್ತು. ನೀರಿನ ಬಾಟಲಿ, ಓದುವ ಲೈಟು, ಚಾರ್ಜಿಂಗ್, ಎಲ್ಲ ಇತ್ತು. ಬಸ್ ಎಲ್ಲಿದೆ ಅಂತ ನೋಡುವ ಲಿಂಕ್ ಮೊಬೈಲಿಗೆ ಬಂತು, ಅದನ್ನು ಮನೆಗೆ ಕಳಿಸಿದೆ. ಟಿಕೆಟ್ ಸಾಮಾನ್ಯ ದಿನದಲ್ಲಿ ಸಾವಿರದ ಆಸುಪಾಸು, ಹಬ್ಬ ಬಂದರೆ ಅದೇ ಬರ್ತಿಗೆ ಎರಡು ಮೂರು ಪಟ್ಟು. ಅದು ಎಲ್ಲರಿಗೂ ಗೊತ್ತಿರುವ ವಿಷಯ, ಬಿಡಿ.

ಈಗ ಅಸಲು ವಿಷಯಕ್ಕೆ ಬರುತ್ತೇನೆ.

ಆನಂದರಾವ್ ಸರ್ಕಲ್ಲಿನಿಂದ ಹತ್ತೂವರೆಗೆ ಹೊರಡಬೇಕಾದ ಬಸ್ಸು ಹೊರಟಿದ್ದೇನೋ ಹತ್ತೂ ಮುಕ್ಕಾಲಿಗೆ. ಆದರೆ ಊರು ಬಿಟ್ಟು ಹೊರಗೆ ಹೋಗುವಷ್ಟರಲ್ಲಿ ಹನ್ನೆರಡು ದಾಟಿತ್ತು. ಯಶವಂತಪುರ, ಗೊರಗುಂಟೆಪಾಳ್ಯ, ಜಾಲಹಳ್ಳಿ ಕ್ರಾಸ್, ಎಂಟನೇ ಮೈಲಿ, ಎಲ್ಲ ಕಡೆ ಪಿಕಪ್. ಒಂದೊಂದು ಕಡೆ ಹತ್ತು ನಿಮಿಷ, ಹದಿನೈದು ನಿಮಿಷ. ಒಬ್ಬ ಪ್ಯಾಸೆಂಜರ್ ಆಟೋದಲ್ಲಿ ಬರ್ತಾ ಇದ್ದಾರೆ ಅಂತ ಕಾದರು. ಅದಾದ ಮೇಲೆ ಡಿಕ್ಕಿ ತೆಗೆದು ಪಾರ್ಸೆಲ್ ತುಂಬಿದರು. ರಟ್ಟಿನ ಡಬ್ಬ, ಗೋಣಿಚೀಲ, ಒಂದು ಬೈಕ್ ಕೂಡ. ಅಷ್ಟು ಹೊತ್ತೂ ಡ್ರೈವರಿಗೆ ಆಫೀಸಿನಿಂದ ಫೋನ್ ಬರುತ್ತಲೇ ಇತ್ತು. ನನ್ನದು ಮುಂದಿನ ಸಿಂಗಲ್ ಬರ್ತ್, ಕ್ಯಾಬಿನ್ ಬಾಗಿಲು ತೆರೆದೇ ಇತ್ತು, ಮಾತು ಸರಿಯಾಗಿ ಕೇಳಿಸುತ್ತಿತ್ತು. ಕೊನೆಗೆ ಆ ಕಡೆಯವರು ಹೇಳಿದ್ದು ಒಂದೇ ಮಾತು: "ಲೇಟ್ ಆಗೈತಿ, ಕವರ್ ಮಾಡು."

ಆ "ಕವರ್ ಮಾಡು" ಅಂದರೆ ಏನು ಅಂತ ಲೆಕ್ಕ ಹಾಕಿ ನೋಡಿ. ಹುಬ್ಬಳ್ಳಿಗೆ ಸುಮಾರು 410 ಕಿ.ಮೀ. ಏಳು ಗಂಟೆಯಲ್ಲಿ ಹೋಗಬೇಕಾದರೆ ಸರಾಸರಿ 60ರ ಒಳಗೇ ಸಾಕು. ಟೋಲ್, ಚಹಾ ಸ್ಟಾಪ್, ಡೈವರ್ಷನ್ ಎಲ್ಲ ಸೇರಿಸಿದರೂ 80 ದಾಟದೆ ಆರಾಮಾಗಿ ಹೋಗಬಹುದು. ಅದೇ ದಾರಿಯನ್ನು ಐದೂವರೆ ಗಂಟೆಯಲ್ಲಿ ಮುಗಿಸಬೇಕು ಅಂದರೆ ಸರಾಸರಿಯೇ 75ರ ಹತ್ತಿರ ಹೋಗುತ್ತದೆ. ನಿಂತ ಸಮಯ ಕಳೆದರೆ, ಖಾಲಿ ರಸ್ತೆ ಸಿಕ್ಕ ಕಡೆಯೆಲ್ಲ 100 ದಾಟಿ ಓಡಿಸದೆ ಆ ಲೆಕ್ಕ ಕೂಡುವುದಿಲ್ಲ. ಅಂದರೆ ಬೆಂಗಳೂರಿನ ಪಿಕಪ್ಪಿನಲ್ಲಿ ಕಳೆದ ಸಮಯವನ್ನು ಶಿರಾ, ಹಿರಿಯೂರು, ಚಿತ್ರದುರ್ಗದ ಕತ್ತಲಲ್ಲಿ ನಮ್ಮ ಜೀವ ಪಣಕ್ಕಿಟ್ಟು ವಾಪಸ್ ಪಡೆಯುತ್ತಾರೆ. ಇದನ್ನು ಡ್ರೈವರ್ ತಾನಾಗಿ ಮಾಡುವುದಿಲ್ಲ, ಅವರ ಕೈಯಲ್ಲಿ ಮಾಡಿಸುತ್ತಾರೆ.

ತುಮಕೂರು ದಾಟಿದ ಮೇಲೆ ಫೋನಿನಲ್ಲಿ ಜಿಪಿಎಸ್ ಹಾಕಿ ನೋಡಿದೆ. 98, 104, 107. ನಾಲ್ಕು ಲೇನಿನ ಹೆದ್ದಾರಿಯಲ್ಲಿ ಬಸ್ಸಿಗೆ ಕೇಂದ್ರ ಸರ್ಕಾರ 2018ರಲ್ಲಿ ಹಾಕಿದ ಮಿತಿ 90. ಅದಲ್ಲದೆ ಇಂಥ ಗಾಡಿಗಳಿಗೆ ಸ್ಪೀಡ್ ಗವರ್ನರ್ (ವೇಗ ಮಿತಿ ದಾಟದಂತೆ ತಡೆಯುವ ಸಾಧನ) ಇರಬೇಕು, ಅದು 80ಕ್ಕೆ ಸೆಟ್ ಆಗಿರಬೇಕು ಅಂತ ನಿಯಮ ಇದೆ. ಹಾಗಿದ್ದ ಮೇಲೆ 107 ಹೇಗೆ ಬಂತು? ಒಂದೋ ಅದನ್ನು ಬಿಚ್ಚಿದ್ದಾರೆ, ಇಲ್ಲ ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸುವ ದಿನಕ್ಕೆ ಮಾತ್ರ ಕೂರಿಸುತ್ತಾರೆ. ಬೇರೆ ದಾರಿ ನನಗೆ ಕಾಣುವುದಿಲ್ಲ.

ಅಷ್ಟರಲ್ಲಿ ಮನೆಯಿಂದ ಫೋನ್. ಟ್ರ್ಯಾಕಿಂಗ್ ಲಿಂಕಿನಲ್ಲಿ ಸ್ಪೀಡೂ ಕಾಣಿಸುತ್ತದೆ, ನನ್ನ ಹೆಂಡತಿ ನಿದ್ದೆಗೆಟ್ಟು ಅದನ್ನೇ ನೋಡುತ್ತಾ ಕೂತಿದ್ದಳು. "ಏನ್ರೀ, ನಿಮ್ಮ ಬಸ್ ಯಾಕ ಇಷ್ಟು ಜೋರ್ ಹೊಂಟೈತಿ? ಒಂದ್ ಸಲ ಹೇಳ್ರಿ ಅವರಿಗೆ" ಅಂದಳು. ಹುಬ್ಬಳ್ಳಿಯಲ್ಲಿ ಕೂತವಳಿಗೆ ಕಾಣುವ ಸ್ಪೀಡು ಬೆಂಗಳೂರಿನ ಬಸ್ ಆಫೀಸಿನವರಿಗೆ ಕಾಣುವುದಿಲ್ಲವೇ? ಖಂಡಿತ ಕಾಣುತ್ತದೆ. ಲಿಂಕ್ ಕಳಿಸಿದ್ದೇ ಅವರು.

ಎದ್ದು ಕ್ಯಾಬಿನ್ ಕಡೆ ಹೋದೆ. ಅಲ್ಲಿ ನೋಡಿದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡ್ಯಾಶ್‌ಬೋರ್ಡಿನ ಮೇಲೆ ಒಂದು ಫೋನ್ ನಿಲ್ಲಿಸಿತ್ತು, ಅದರಲ್ಲಿ ವಿಡಿಯೋ ಓಡುತ್ತಿತ್ತು. ಇನ್ನೊಂದು ಫೋನ್ ಎಡಗೈಯಲ್ಲಿ. ಯಾರಿಗೋ ಮೆಸೇಜಿನಲ್ಲಿ ಮಾತು ರೆಕಾರ್ಡ್ ಮಾಡಿ ಕಳಿಸುತ್ತಿದ್ದರು, ಬಾಯಿಯ ಹತ್ತಿರ ಹಿಡಿದು ಮಾತಾಡುವುದು, ಬಿಡುವುದು, ಸ್ಕ್ರೀನ್ ನೋಡುವುದು. ಸ್ಟೀರಿಂಗ್ ಮೇಲೆ ಬಲಗೈ ಒಂದೇ. ಮುಂದೆ ಒಂದು ಲಾರಿ ಬಲಗಡೆಯ ಲೇನ್ ಬಿಡದೆ ನಿಧಾನ ಹೋಗುತ್ತಿತ್ತು, ಇವರು ಹಾರ್ನ್ ಒತ್ತಿ, ಲೈಟ್ ಡಿಪ್-ಡಿಮ್ ಮಾಡಿ, ಆಮೇಲೆ ಎಡಗಡೆಯಿಂದ ಕಟ್ ಹೊಡೆದರು. ಎಡಗಡೆಯ ಅಂಚಿನಲ್ಲಿ ಇನ್ನೊಂದು ಲಾರಿ ನಿಂತಿತ್ತು. ಅದಕ್ಕೆ ಪಾರ್ಕಿಂಗ್ ಲೈಟ್ ಇಲ್ಲ, ರಿಫ್ಲೆಕ್ಟರ್ ಇಲ್ಲ, ಹಿಂದೆ ಎರಡು ಕಲ್ಲು ಇಟ್ಟಿದ್ದರು. ಬಸ್ಸು ಅದರ ಪಕ್ಕದಲ್ಲೇ ಸರಿದು ಹೋಯಿತು. ನನ್ನ ಬರ್ತ್ ಇದ್ದದ್ದು ಆ ಎಡಗಡೆಯಲ್ಲೇ.

ಗಂಟೆಗೆ 100 ಕಿ.ಮೀ. ಸ್ಪೀಡಿನಲ್ಲಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಮುಂದೆ ಹೋಗಿರುತ್ತದೆ ಗಾಡಿ. ಮೆಸೇಜ್ ನೋಡಲು ಮೂರು ಸೆಕೆಂಡ್ ಕಣ್ಣು ಕೆಳಗೆ ಹೋದರೆ 80 ಮೀಟರಿಗಿಂತ ಜಾಸ್ತಿ ದೂರ ಆ ಬಸ್ಸನ್ನು ಯಾರೂ ಓಡಿಸುತ್ತಿರುವುದಿಲ್ಲ. ಒಳಗೆ ಮೂವತ್ತು ಮಂದಿ ಮಲಗಿದ್ದಾರೆ. ಡ್ರೈವ್ ಮಾಡುವಾಗ ಫೋನ್ ಕೈಯಲ್ಲಿ ಹಿಡಿಯುವುದು ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಪ್ರಕಾರ ಅಪಾಯಕಾರಿ ಚಾಲನೆ, ಮೊದಲ ಸಲ ಸಿಕ್ಕರೂ ಜೈಲು ಆಗಬಹುದು. 2019ರ ತಿದ್ದುಪಡಿಯಲ್ಲಿ ಇದನ್ನು ಸ್ಪಷ್ಟವಾಗಿ ಸೇರಿಸಿದ್ದಾರೆ. ಆದರೆ ರಾತ್ರಿ ಒಂದೂವರೆಗೆ ಶಿರಾ ಹತ್ತಿರ ಯಾರು ಹಿಡಿಯುತ್ತಾರೆ?

ನಾನು ಹೇಳುವ ಮೊದಲೇ ಹಿಂದಿನ ಕೆಳಗಿನ ಬರ್ತಿನಿಂದ ಒಬ್ಬ ಅಜ್ಜಿ ಎದ್ದು ಬಂದರು. ಇಳಕಲ್ ಸೀರೆ, ಅರವತ್ತೈದರ ಮೇಲೆ ವಯಸ್ಸು, ಕಂಬಿ ಹಿಡಿದುಕೊಂಡು ನಿಂತರು. ಬೈಯಲಿಲ್ಲ. "ತಮ್ಮಾ, ಫೋನ್ ಒಳಗ ಇಡಪಾ. ನಿನ್ನ ನಂಬಿ ಇಷ್ಟ ಮಂದಿ ಮಲಗೇವಿ. ಲೇಟಾದ್ರ ಆಗ್ಲಿ, ನಮಗೇನ್ ಅವಸರ ಇಲ್ಲ" ಅಂದರು. ನಾನೂ ಜೊತೆಗೆ ಸೇರಿಕೊಂಡು, ಅಣ್ಣಾ, ಸ್ಪೀಡ್ ಕಡಿಮೆ ಮಾಡಿ, ಆರರ ಬದಲು ಏಳಕ್ಕೆ ಮುಟ್ಟಿದರೂ ಯಾರೂ ಕೇಳುವುದಿಲ್ಲ ಅಂದೆ. ಡ್ರೈವರ್ ಏನೂ ಮಾತಾಡಲಿಲ್ಲ, ವಿಡಿಯೋ ಬಂದ್ ಮಾಡಿದರು, ಕೈಯಲ್ಲಿದ್ದ ಫೋನ್ ಕಿಸೆಗೆ ಹಾಕಿದರು. ಸ್ಪೀಡು 85ರ ಹತ್ತಿರ ಬಂತು. ಅದು ಹಾಗೇ ಉಳಿಯಿತು ಕೂಡ. ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಹೇಳಿದರೆ ಕೇಳುತ್ತಾರೆ. ಎಲ್ಲರೂ ಅಲ್ಲದಿದ್ದರೂ ಬಹಳ ಮಂದಿ ಕೇಳುತ್ತಾರೆ. ಜಗಳಕ್ಕೆ ಹೋಗಬಾರದು ಅಷ್ಟೇ, ಓಡುತ್ತಿರುವ ಗಾಡಿಯಲ್ಲಿ ಡ್ರೈವರ್ ಜೊತೆ ಜಗಳ ಮಾಡುವುದು ಅದಕ್ಕಿಂತ ಅಪಾಯ.

ಹಿರಿಯೂರು ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಡ್ರೈವರ್ ಜೊತೆ ನಿಂತು ಮಾತಾಡಿದೆ. ನಿನ್ನೆ ಎಷ್ಟು ಹೊತ್ತು ಮಲಗಿದ್ರಿ ಅಣ್ಣಾ ಅಂತ ಕೇಳಿದೆ. "ಮಲಗೂದು ಎಲ್ಲೀದ್ ರೀ ಸರ. ಮುಂಜಾನೆ ಗಾಡಿ ತಂದು ಹಚ್ಚಿ, ತೊಳಸಿ, ಡೀಸಲ್ ಹಾಕ್ಸೂದ್ರಾಗ ಹನ್ನೊಂದ್ ಆತು. ಎರಡ್ ತಾಸ್ ಕಣ್ಣ್ ಮುಚ್ಚಿದ್ಯಾ, ಮತ್ತ ಫೋನ್ ಹೊಡೆಯಾಕ ಶುರು ಮಾಡಿದ್ರು. ಫೋನ್ ನೋಡದಿದ್ರ ನಿದ್ದಿ ಬರ್ತೈತಿ ರೀ." ಕೊನೆಯ ಮಾತು ಕೇಳಿ ನನಗೆ ಗಾಬರಿಯಾಯಿತು. ಆ ಫೋನು ಅವರಿಗೆ ಮೋಜಿಗೆ ಅಲ್ಲ, ಎಚ್ಚರ ಇರುವುದಕ್ಕೆ. ಎರಡನೇ ಡ್ರೈವರ್ ಎಲ್ಲಿ ಅಂದರೆ, ರಜೆ. ಬದಲಿ ಯಾರೂ ಬಂದಿಲ್ಲ. ಅಂದರೆ ಬೆಳಗಾವಿ ಕಡೆಯಿಂದ ಹಿಂದಿನ ರಾತ್ರಿ ಪೂರ್ತಿ ಓಡಿಸಿಕೊಂಡು ಬಂದವರೇ ಈ ರಾತ್ರಿಯೂ ಪೂರ್ತಿ ಓಡಿಸುತ್ತಿದ್ದಾರೆ, ನಡುವೆ ಎರಡು ತಾಸು ನಿದ್ದೆ.

ಇದಕ್ಕೆ ಕಾನೂನು ಇಲ್ಲ ಅಂತಲ್ಲ. 1961ರಲ್ಲೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂದಿತ್ತು, 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, 5 ಗಂಟೆ ಆಗುವುದರೊಳಗೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಅಂತ ಆ ಹಳೆಯ ಕಾಯ್ದೆಯಲ್ಲೇ ಬರೆದಿತ್ತು. ಅರವತ್ತು ವರ್ಷ ದಾಟಿದ ಲೆಕ್ಕ ಇದು. ರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ಮನುಷ್ಯನ ದೇಹ ನಿದ್ದೆ ಕೇಳುವುದು ಎಲ್ಲಕ್ಕಿಂತ ಜಾಸ್ತಿ. ಚಿತ್ರದುರ್ಗದಿಂದ ಹಾವೇರಿವರೆಗಿನ ರಸ್ತೆ ನೇರ, ಬಯಲು, ತಂಪು ಗಾಳಿ. ಕಣ್ಣು ಎಳೆಯುವುದಕ್ಕೆ ಬೇಕಾದ್ದೆಲ್ಲ ಅಲ್ಲಿದೆ. ಚಾಲಕನ ನಿರ್ಲಕ್ಷ್ಯ ಅಂತ ಎಫ್‌ಐಆರಿನಲ್ಲಿ ಒಂದೇ ಸಾಲು ಬರುತ್ತದೆ. ಚಾಲಕರ ಫೋನು ಚಾಲಕರ ತಪ್ಪೇ, ನಾನು ಅದನ್ನು ಸಮರ್ಥಿಸುವುದಿಲ್ಲ. ಆದರೆ ಎರಡನೇ ಡ್ರೈವರ್ ಕಳಿಸದೆ ಗಾಡಿ ಬಿಟ್ಟವರ ಹೆಸರು ಆ ಸಾಲಿನಲ್ಲಿ ಯಾಕೆ ಬರಬಾರದು?

ಒಳಗಿನ ಸುರಕ್ಷತೆ ಬಗ್ಗೆಯೂ ಹೇಳಬೇಕು. ನನ್ನ ಬರ್ತಿನ ಕಿಟಕಿಯ ಮೇಲೆ ಗಾಜು ಒಡೆಯುವ ಸುತ್ತಿಗೆ ಸಿಕ್ಕಿಸುವ ಕೆಂಪು ಕ್ಲಿಪ್ ಇತ್ತು. ಸುತ್ತಿಗೆ ಇರಲಿಲ್ಲ. ಟಾರ್ಚ್ ಹಾಕಿಕೊಂಡು ಹಿಂದಿನವರೆಗೆ ನೋಡುತ್ತಾ ಹೋದೆ, ಇಡೀ ಬಸ್ಸಿನಲ್ಲಿ ಒಂದೇ ಒಂದು ಸುತ್ತಿಗೆ ಸಿಕ್ಕಿತು, ಅದೂ ಕ್ಯಾಬಿನ್ ಪಕ್ಕದಲ್ಲಿ. ಕ್ಲೀನರ್ ಹುಡುಗನನ್ನು ಕೇಳಿದರೆ, ಇಟ್ಟರೆ ಜನ ಎತ್ತಿಕೊಂಡು ಹೋಗ್ತಾರೆ ಸರ್ ಅಂದ. ಅದೂ ನಿಜ ಇರಬಹುದು, ಹಾಗೆ ಎತ್ತಿಕೊಂಡು ಹೋಗುವವರು ದಯವಿಟ್ಟು ನಿಲ್ಲಿಸಿ. ಎಮರ್ಜೆನ್ಸಿ ಎಕ್ಸಿಟ್ ಅಂತ ಬರೆದ ಕಿಟಕಿ ಹಿಂದೆ ಇದೆ, ಆದರೆ ಅದರ ಮುಂದೆ ಬರ್ತ್, ಬರ್ತಿಗೆ ಪರದೆ, ಪರದೆಯ ಹಿಂದೆ ಮಲಗಿದ ಮನುಷ್ಯ. ನಡುವಿನ ದಾರಿ ಒಬ್ಬರು ಅಡ್ಡ ತಿರುಗಿ ಹೋಗುವಷ್ಟೇ ಅಗಲ, ಅದರಲ್ಲೂ ಸೂಟ್‌ಕೇಸು, ಚಪ್ಪಲಿ. ಬೆಂಕಿ ಆರಿಸುವ ಸಿಲಿಂಡರ್ ಡ್ರೈವರ್ ಸೀಟಿನ ಹಿಂದೆ ಇತ್ತು, ಅದರ ಮೇಲೆ ಬಟ್ಟೆ ನೇತು ಹಾಕಿದ್ದರು.

ಸುಮ್ನೆ ಹೆದರಿಸುತ್ತಿದ್ದೀರಿ ಅನ್ನಬೇಡಿ. 2013ರ ಅಕ್ಟೋಬರ್ 30ರ ಬೆಳಗಿನ ಜಾವ ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ಬಸ್ಸು ಮಹಬೂಬ್‌ನಗರ ಜಿಲ್ಲೆಯ ಪಾಲೆಂ ಹತ್ತಿರ ಮೋರಿಗೆ ಬಡಿದು ಬೆಂಕಿ ಹತ್ತಿ 45 ಮಂದಿ ಸತ್ತರು. ಎರಡೇ ವಾರ ಕಳೆದ ಮೇಲೆ, ನವೆಂಬರ್ 14ರಂದು, ಬೆಂಗಳೂರಿನಿಂದ ಮುಂಬೈಗೆ ಹೊರಟ ಬಸ್ಸು ನಮ್ಮ ಇದೇ ಹೆದ್ದಾರಿಯಲ್ಲಿ ಹಾವೇರಿ ಹತ್ತಿರ ಹೊತ್ತಿ ಉರಿದು 7 ಮಂದಿ ಹೋದರು. 2020ರ ಆಗಸ್ಟ್ 12ರಂದು ಹಿರಿಯೂರು ಹತ್ತಿರ, ವಿಜಯಪುರದಿಂದ ಬರುತ್ತಿದ್ದ ಬಸ್ಸು, 5 ಮಂದಿ. 2025ರ ಅಕ್ಟೋಬರ್ 24ರಂದು ಕರ್ನೂಲ್ ಹತ್ತಿರ ಚಿನ್ನಟೇಕೂರಿನಲ್ಲಿ ಹೈದರಾಬಾದ್–ಬೆಂಗಳೂರು ಬಸ್ಸು, ಅಲ್ಲಿ ರಸ್ತೆ ಮೇಲೆ ಮೊದಲೇ ಬಿದ್ದಿದ್ದ ಬೈಕನ್ನು ಬಸ್ಸು ಎಳೆದುಕೊಂಡು ಹೋಗಿ ಬೆಂಕಿ ಹತ್ತಿತು, ಬಸ್ಸಿನಲ್ಲಿದ್ದ 19 ಪ್ರಯಾಣಿಕರು ಹೊರಗೆ ಬರಲಾಗದೆ ಸತ್ತರು. ಆ ಬಸ್ಸಿನ ಡಿಕ್ಕಿಯಲ್ಲಿ ಮೊಬೈಲ್ ಫೋನುಗಳ ಪಾರ್ಸೆಲ್ ಇತ್ತು, ಬ್ಯಾಟರಿಗಳು ಸಿಡಿದು ಬೆಂಕಿ ಜಾಸ್ತಿ ಆಯಿತು ಅಂತ ಆಗ ವರದಿ ಬಂದಿತ್ತು. ಅದೇ ವರ್ಷ ಕ್ರಿಸ್‌ಮಸ್ ದಿನ ಬೆಳಗಿನ ಜಾವ ಹಿರಿಯೂರು ಹತ್ತಿರ ಎದುರಿನಿಂದ ಬಂದ ಕಂಟೇನರ್ ಲಾರಿ ಡಿವೈಡರ್ ಹಾರಿ ಗೋಕರ್ಣಕ್ಕೆ ಹೊರಟ ಸ್ಲೀಪರ್ ಬಸ್ಸಿಗೆ ಬಡಿಯಿತು, ಅದೂ ಸುಟ್ಟು ಹೋಯಿತು. ಅಲ್ಲಿ ಬಸ್ ಡ್ರೈವರಿನ ತಪ್ಪೇನೂ ಇರಲಿಲ್ಲ. ನಮ್ಮ ಡ್ರೈವರ್ ಎಷ್ಟೇ ಹುಷಾರಾಗಿದ್ದರೂ ಎದುರಿನವರು ನಿದ್ದೆಗಣ್ಣಿನಲ್ಲಿದ್ದರೆ ಉಳಿಯುವುದು ಸುತ್ತಿಗೆ, ಕಿಟಕಿ, ದಾರಿ, ಇಷ್ಟೇ. ಅದಕ್ಕೇ ಆ ಖಾಲಿ ಕ್ಲಿಪ್ ನೋಡಿ ನನಗೆ ಅಷ್ಟು ಸಿಟ್ಟು ಬಂದಿದ್ದು.

ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ ಇದು. ಅದರಲ್ಲಿ ನೂರಕ್ಕೆ 71 ಮಂದಿ ಸತ್ತಿದ್ದು ಅತಿ ವೇಗದಿಂದ. ಆ "ಕವರ್ ಮಾಡು" ಅನ್ನುವ ಫೋನ್ ಕರೆ ಬಂದು ಸೇರುವುದು ಇಂಥ ಲೆಕ್ಕಕ್ಕೆ.

ಊರಿಗೆ ಹೋದ ಮೇಲೆ ಕಸ್ಟಮರ್ ಕೇರಿಗೆ ಎಲ್ಲ ಬರೆದು ಕಳಿಸಿದೆ, ಸ್ಪೀಡಿನ ಸ್ಕ್ರೀನ್‌ಶಾಟ್, ಖಾಲಿ ಕ್ಲಿಪ್ಪಿನ ಫೋಟೋ ಸಮೇತ. ಡ್ರೈವರ್ ಮೇಲೆ ಕ್ರಮ ಬೇಡ, ಎರಡನೇ ಡ್ರೈವರ್ ಯಾಕೆ ಇರಲಿಲ್ಲ ಅನ್ನುವುದಕ್ಕೆ ಉತ್ತರ ಬೇಕು ಅಂತ ಸ್ಪಷ್ಟವಾಗಿ ಬರೆದಿದ್ದೆ. ಉತ್ತರ ಬಂತು: ತೊಂದರೆಗೆ ಕ್ಷಮೆ ಇರಲಿ, ಮುಂದಿನ ಪ್ರಯಾಣಕ್ಕೆ ನೂರು ರೂಪಾಯಿ ಕೂಪನ್. ಕೇಳಿದ ಪ್ರಶ್ನೆಯ ಸುದ್ದಿಯೇ ಇಲ್ಲ. ಆ ಕೂಪನ್ ನಾನು ಬಳಸುವುದಿಲ್ಲ.

ಇನ್ನು ವಾಪಸ್ ಬಂದ ಸರ್ಕಾರಿ ಬಸ್ಸು. ಸೌಕರ್ಯದಲ್ಲಿ ಖಾಸಗಿ ಬಸ್ಸಿಗೆ ಸಮ ಇಲ್ಲ, ಅದನ್ನು ಮುಚ್ಚಿಡುವುದಿಲ್ಲ. ಎಸಿ ಇಲ್ಲ, ಕಿಟಕಿ ಗಾಜು ರಸ್ತೆಯುದ್ದಕ್ಕೂ ಗಡಗಡ ಅನ್ನುತ್ತಿತ್ತು, ಡೈವರ್ಷನ್ ಬಂದ ಕಡೆ ಧೂಳು ಒಳಗೆ ಬರುತ್ತಿತ್ತು. ಹೊದಿಕೆ ಮನೆಯಿಂದಲೇ ತಂದರೆ ಒಳ್ಳೆಯದು. ಎತ್ತರದವರಿಗೆ ಬರ್ತ್ ಸ್ವಲ್ಪ ಗಿಡ್ಡ. ಟಿಕೆಟ್ ಕಡಿಮೆ, ಹಬ್ಬಕ್ಕೂ ಖಾಸಗಿಯವರ ಹಾಗೆ ಮೂರು ಪಟ್ಟು ಮಾಡುವುದಿಲ್ಲ.

ಆದರೆ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಿಂದ ಹೇಳಿದ ಟೈಮಿಗೆ ಹೊರಟಿತು. ಪಿಕಪ್ ಅಂತ ಊರು ತುಂಬ ಸುತ್ತಲಿಲ್ಲ. ಹೊರಡುವಾಗಲೇ ಲೇಟ್ ಆಗದಿದ್ದರೆ ಓಡಿಸುವವರಿಗೆ ಅವಸರವೂ ಇರುವುದಿಲ್ಲ, ಅಲ್ವಾ? ಜಿಪಿಎಸ್ ಹಾಕಿ ನೋಡಿದರೆ 76, 78, 79. ಎಷ್ಟೇ ಖಾಲಿ ರಸ್ತೆ ಇದ್ದರೂ 80 ಮುಟ್ಟಲಿಲ್ಲ, ಹಿಂದಿನಿಂದ ಖಾಸಗಿ ಬಸ್ಸುಗಳು ಲೈಟ್ ಹೊಡೆಯುತ್ತಾ ಒಂದಾದ ಮೇಲೊಂದು ದಾಟಿ ಹೋದವು. ಡ್ರೈವರ್ ತಲೆ ಕೆಡಿಸಿಕೊಳ್ಳಲಿಲ್ಲ. ಇಬ್ಬರು ಡ್ರೈವರ್ ಇದ್ದರು. ದಾವಣಗೆರೆ ದಾಟಿದ ಮೇಲೆ ನಿಲ್ಲಿಸಿ, ಇಬ್ಬರೂ ಇಳಿದು ಮುಖ ತೊಳೆದು, ಟೈರ್ ಒಂದು ಸುತ್ತು ಕಾಲಿನಿಂದ ಒದ್ದು ನೋಡಿ, ಸೀಟು ಬದಲಾಯಿಸಿದರು. ಮೊದಲಿನವರು ಹಿಂದೆ ಬಂದು ಮಲಗಿದವರು ಬೆಂಗಳೂರು ಬರುವವರೆಗೆ ಎದ್ದಿಲ್ಲ.

ಎರಡನೆಯವರ ಖಾಕಿ ಅಂಗಿಯ ಕಿಸೆಯ ಮೇಲೆ ಬೆಳ್ಳಿ ಪದಕ ಇತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ, ನಮ್ಮ ಸಾರಿಗೆ ನಿಗಮಗಳಲ್ಲಿ 5 ವರ್ಷ ಅಪಘಾತ ಮಾಡದೆ ಓಡಿಸಿದ ಡ್ರೈವರಿಗೆ ಬೆಳ್ಳಿ ಪದಕ ಕೊಡುತ್ತಾರೆ, 15 ವರ್ಷ ಓಡಿಸಿದವರಿಗೆ ಮುಖ್ಯಮಂತ್ರಿ ಚಿನ್ನದ ಪದಕ. ಅದನ್ನು ಯೂನಿಫಾರಂ ಮೇಲೆ ಹಾಕಿಕೊಳ್ಳುತ್ತಾರೆ. ಯಶವಂತಪುರದಲ್ಲಿ ಇಳಿಯುವಾಗ ಅದನ್ನು ತೋರಿಸಿ ಎಷ್ಟು ವರ್ಷ ಆಯ್ತು ಅಣ್ಣಾ ಅಂತ ಕೇಳಿದೆ. ಅವರ ಮುಖ ಅರಳಿತು. "ಚಿನ್ನದ್ದಕ್ಕ ಇನ್ನ ಮೂರ್ ವರ್ಷ ಐತಿ ರೀ ಸರ. ಅಲ್ಲಿ ತನಕ ಒಂದ್ ನಾಯಿ ಸುದ್ದಾ ಸಾಯಬಾರ್ದು ನನ್ನ ಗಾಡಿಗೆ" ಅಂದರು. ಒಬ್ಬ ಡ್ರೈವರಿಗೆ ಬೇಗ ಮುಟ್ಟಿಸಿದರೆ ಶಹಬ್ಬಾಸ್ ಸಿಗುತ್ತದೆ, ಇನ್ನೊಬ್ಬ ಡ್ರೈವರಿಗೆ ಯಾರನ್ನೂ ಸಾಯಿಸದೆ ಹದಿನೈದು ವರ್ಷ ಓಡಿಸಿದರೆ ಶಹಬ್ಬಾಸ್ ಸಿಗುತ್ತದೆ. ನನ್ನ ಮಟ್ಟಿಗೆ ಎರಡು ಬಸ್ಸುಗಳ ನಡುವಿನ ವ್ಯತ್ಯಾಸ ಅಂದರೆ ಇದೇ. ಎಸಿ, ಕಂಬಳಿ ಎಲ್ಲ ಆಮೇಲಿನದು.

ಸರ್ಕಾರಿ ಬಸ್ಸುಗಳೂ ಅಪಘಾತ ಮಾಡುತ್ತವೆ, ಅವುಗಳಲ್ಲೂ ಅವಸರದ ಡ್ರೈವರುಗಳು ಇದ್ದಾರೆ, ಊರೊಳಗಿನ ಬಸ್ಸುಗಳ ಬಗ್ಗೆ ನಾನು ಇದೇ ಮಾತು ಹೇಳಲಾರೆ. ಖಾಸಗಿಯಲ್ಲೂ ಇಬ್ಬರು ಡ್ರೈವರ್ ಇಟ್ಟು ಸರಿಯಾಗಿ ನಡೆಸುವವರು ಇರುತ್ತಾರೆ. ಕೆಎಸ್‌ಆರ್‌ಟಿಸಿ 2024ರ ಕೊನೆಗೆ ತಂದ ಐರಾವತ ಕ್ಲಬ್ ಕ್ಲಾಸ್ 2.0 ಬಸ್ಸುಗಳಲ್ಲಿ ಬೆಂಕಿ ಬಿದ್ದರೆ ಒಳಗೇ ನೀರು ಚಿಮ್ಮಿಸುವ ವ್ಯವಸ್ಥೆ ಇದೆ. ಅಂಥದ್ದನ್ನು ಇಷ್ಟು ದುಡ್ಡು ತೆಗೆದುಕೊಳ್ಳುವ ಖಾಸಗಿ ಸ್ಲೀಪರಿನವರೂ ಹಾಕಬೇಕು. ಹೊಸ ಬಸ್ಸಿಗೆ ಬಣ್ಣ ಬಣ್ಣದ ಲೈಟು ಹಾಕಿಸಲು ದುಡ್ಡಿದೆ, ಇದಕ್ಕೂ ಇರಲೇಬೇಕು.

ಈ ರೂಟಿನಲ್ಲಿ ಹೋಗುವವರಿಗೆ ನಾನು ಈಗ ಮಾಡುವುದನ್ನು ಹೇಳುತ್ತೇನೆ, ಬೇಕಾದ್ದನ್ನು ತೆಗೆದುಕೊಳ್ಳಿ. ಪಿಕಪ್ ಪಾಯಿಂಟ್ ಹದಿನೈದು ಇಪ್ಪತ್ತು ಇರುವ ಬಸ್ಸನ್ನು ಬುಕ್ ಮಾಡುವುದಿಲ್ಲ, ಆ್ಯಪಿನಲ್ಲೇ ಲಿಸ್ಟ್ ಕಾಣುತ್ತದೆ. ಅತಿ ಬೇಗ ಮುಟ್ಟುವ ಬಸ್ಸಂತೂ ಬೇಡವೇ ಬೇಡ. ಆರು ಗಂಟೆಯಲ್ಲಿ ಹುಬ್ಬಳ್ಳಿ ಅಂತ ಹಾಕಿದ್ದರೆ ಅದು ಸೌಲಭ್ಯ ಅಲ್ಲ, ಎಚ್ಚರಿಕೆ. ಬರ್ತ್ ಆರಿಸುವಾಗ ಎಲ್ಲಕ್ಕಿಂತ ಮುಂದಿನದೂ ಬೇಡ, ಎಲ್ಲಕ್ಕಿಂತ ಹಿಂದಿನದೂ ಬೇಡ, ನಡುವಿನ ಕೆಳಗಿನ ಬರ್ತ್ ತೆಗೆದುಕೊಳ್ಳುತ್ತೇನೆ. ಮಲಗುವಾಗ ತಲೆ ಹಿಂದಕ್ಕೆ, ಕಾಲು ಮುಂದಕ್ಕೆ ಇಟ್ಟರೆ ಜೋರಾಗಿ ಬ್ರೇಕ್ ಹಾಕಿದಾಗ ತಲೆ ಹೋಗಿ ಬಡಿಯುವುದಿಲ್ಲ. ಹತ್ತಿದ ತಕ್ಷಣ ಕಂಬಳಿ ಬಿಚ್ಚುವ ಮೊದಲು ಎಮರ್ಜೆನ್ಸಿ ಕಿಟಕಿ ಎಲ್ಲಿದೆ, ಸುತ್ತಿಗೆ ಇದೆಯಾ ನೋಡುತ್ತೇನೆ. ಆನ್‌ಲೈನಿನಲ್ಲಿ ಗಾಜು ಒಡೆಯುವ, ಬೆಲ್ಟ್ ಕತ್ತರಿಸುವ ಸಣ್ಣ ಸುತ್ತಿಗೆ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಒಂದನ್ನು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ. ಗಾಜಿನ ನಡುವೆ ಹೊಡೆಯಬಾರದು, ಮೂಲೆಯಲ್ಲಿ ಹೊಡೆಯಬೇಕು, ನಡುವೆ ಹೊಡೆದರೆ ಸುಲಭಕ್ಕೆ ಒಡೆಯುವುದಿಲ್ಲ. ಶೂ ಬಿಚ್ಚಿ ಎಲ್ಲೋ ತಳ್ಳದೆ ಕೈಗೆ ಸಿಗುವ ಕಡೆ ಇಡುತ್ತೇನೆ, ಗಾಜಿನ ಚೂರಿನ ಮೇಲೆ ಬರಿಗಾಲಲ್ಲಿ ಓಡಬಾರದು ಅಂತ. ಬೆಂಕಿ ಅಂತ ಅನುಮಾನ ಬಂದರೆ ಬ್ಯಾಗ್ ಹುಡುಕಬೇಡಿ. ಹೆದ್ದಾರಿಯಲ್ಲಿ ಏನೇ ಆದರೂ 1033 (ಹೆದ್ದಾರಿ ಸಹಾಯವಾಣಿ) ಮತ್ತು 112 (ತುರ್ತು ಸಹಾಯವಾಣಿ) ಫೋನಿನಲ್ಲಿ ಸೇವ್ ಇರಲಿ. ಕತ್ತಲಲ್ಲಿ ಲೈಟ್ ಇಲ್ಲದೆ ನಿಂತ ಲಾರಿ ಕಂಡರೂ 1033ಕ್ಕೆ ಹೇಳಬಹುದು, ಹಿಂದೆ ಬರುವ ಇನ್ನೊಂದು ಬಸ್ಸಿನವರು ಬದುಕಿಕೊಳ್ಳುತ್ತಾರೆ.

ಡ್ರೈವರ್ ಜೊತೆ ಒಂದೆರಡು ಮಾತಾಡಿ. ಎಷ್ಟು ಮಂದಿ ಡ್ರೈವರ್ ಇದ್ದೀರಿ ಅಂತ ಹತ್ತುವಾಗಲೇ ಕೇಳಿ. ಒಬ್ಬರೇ ಅಂದರೆ, ಆಫೀಸಿಗೆ ಅಲ್ಲಿಂದಲೇ ಫೋನ್ ಮಾಡಿ, ಬಸ್ಸು ಹೊರಡುವ ಮೊದಲು. ಹೊರಟ ಮೇಲೆ ಯಾರೂ ಏನೂ ಮಾಡುವುದಿಲ್ಲ.

ರೇಟಿಂಗ್ ಕೊಡಲೇಬೇಕು ಅಂದರೆ: ಖಾಸಗಿ ಬಸ್ಸಿಗೆ ಹಾಸಿಗೆ, ಕಂಬಳಿಗೆ ಐದಕ್ಕೆ ನಾಲ್ಕೂವರೆ, ಜೀವದ ವಿಷಯದಲ್ಲಿ ಐದಕ್ಕೆ ಒಂದು. ಆ ಒಂದು ಕೂಡ ಡ್ರೈವರಿಗೆ, ಹೇಳಿದ ಮಾತು ಕೇಳಿದ್ದಕ್ಕೆ. ಸರ್ಕಾರಿ ಬಸ್ಸಿಗೆ ಹಾಸಿಗೆಗೆ ಎರಡೂವರೆ, ಉಳಿದದ್ದಕ್ಕೆ ನಾಲ್ಕೂವರೆ. ಮುಂದಿನ ತಿಂಗಳು ಅವ್ವನನ್ನು ಬೆಂಗಳೂರಿಗೆ ಕರೆದುಕೊಂಡು ಬರಬೇಕು, ಸರ್ಕಾರಿ ಬಸ್ಸಿನಲ್ಲೇ ನಡುವಿನ ಎರಡು ಕೆಳಗಿನ ಬರ್ತ್ ಬುಕ್ ಮಾಡಿದ್ದೇನೆ. ಅವ್ವನಿಗೆ ಮೊಣಕಾಲು ನೋವು, ಎಸಿ ಸ್ಲೀಪರ್ ಆಗಿದ್ದರೆ ಆರಾಮ ಆಗುತ್ತಿತ್ತು. ಪ್ರತಿ ರಾತ್ರಿ ತಪ್ಪದೆ ಇಬ್ಬರು ಡ್ರೈವರ್ ಕಳಿಸುವ, 80 ದಾಟದ ಎಸಿ ಸ್ಲೀಪರ್ ಈ ರೂಟಿನಲ್ಲಿ ಯಾರಾದರೂ ನಡೆಸುತ್ತಿದ್ದರೆ, ನೀವು ಸ್ವತಃ ಹೋಗಿ ನೋಡಿದ್ದರೆ, ಹೇಳಿ. ಇನ್ನೂರು ಮುನ್ನೂರು ಜಾಸ್ತಿ ಆದರೂ ಅದನ್ನೇ ಮಾಡಿಸುತ್ತೇನೆ.